ಖಾಲಿ ಜಾಗ ಕಂಡರಾಗದ ಸಾವ್ಕಾರ್ರು

ಮುದ್ರಣ ಕಾಶಿ ಎಂದೇ ಹೆಸರಾದ ಗದಗಿನಲ್ಲಿ ದೀಪಾವಳಿ ಹತ್ತಿರ ಬಂತೆಂದರೆ ಡಿಟಿಪಿ ಅಂಗಡಿಗಳಲ್ಲಿ ಇವರನ್ನು ತಪ್ಪದೇ ಕಾಣಬಹುದು. ವ್ಯಾಪಾರ ಸೀರೆಯದಿರಲಿ, ಪಾತ್ರೆಯದಿರಲಿ, ಟ್ಯೂಶನ್ನಿನದೇ ಇರಲಿ, ಗಿರಾಕಿಯ ಸ್ವಭಾವ ಒಂದೇ. ಸದ್ಯಕ್ಕೆ ಪಾತ್ರೆ ಅಂಗಡಿಯ ಸಾವ್ಕಾರ್ರು ಎಂದಿಟ್ಟುಕೊಳ್ಳೋಣ. ಹಳೆಯ ಕುಕ್ಕರ್ ಕೊಟ್ಟವರಿಗೆ ಹೊಸದರಲ್ಲಿ ರಿಯಾಯಿತಿ ಎಂದು ಊರಿಗೆ ತಿಳಿಸಬೇಕು. ಐದು ಸಾವಿರ ಪಾಂಪ್ಲೆಟ್ ಬೇಕು.

ಹಾಳೆ ಎ5 ಅಳತೆಯದು: 148 ಮಿ.ಮೀ. ಅಗಲ, 210 ಮಿ.ಮೀ. ಉದ್ದ. ಇಷ್ಟರಲ್ಲಿ ಯಾರ್‍ಯಾರು ಕೂರಬೇಕು ನೋಡಿ. ನೆತ್ತಿಯ ಮೇಲೆ ಗಣಪತಿ. ಎಡಕ್ಕೆ ತ್ರಿಕೂಟೇಶ್ವರ, ಅವನೊಬ್ಬನನ್ನೇ ಹಾಕಿದರೆ ವೀರನಾರಾಯಣನ ಕಡೆಯವರು ಬೇಜಾರಾದಾರೆಂದು ಬಲಕ್ಕೆ ವೀರನಾರಾಯಣ. ಕೆಳಗೆ ಮನೆದೇವರು. ಆಮೇಲೆ ಸಾವ್ಕಾರ್ರ ಫೋಟೊ, ತೀರಿಕೊಂಡ ತಂದೆಯವರ ಫೋಟೊ, ಉದ್ಘಾಟನೆಗೆ ಬರುವ ಗಣ್ಯರ ಹೆಸರು, ಬರುವುದಿಲ್ಲವೆಂದು ಗೊತ್ತಿದ್ದೂ ಬಿಡಲಾಗದ ಬೀಗರ ಹೆಸರು. ‘ಗ್ರಾಹಕರೇ ದೇವರು’ ಎಂಬ ಸಾಲಿಗೆ ನಿಜವಾದ ದೇವರುಗಳ ನಡುವೆ ಹೇಗೋ ಒಂದಿಷ್ಟು ಜಾಗ ಸಿಗುತ್ತದೆ. ಬುಡದಲ್ಲಿ ‘ನಮ್ಮಲ್ಲಿ ಬೇರೆ ಯಾವುದೇ ಶಾಖೆಗಳಿಲ್ಲ’. ಇರುವ ಒಂದೇ ಅಂಗಡಿಯ ಬಾಗಿಲು ಇನ್ನೂ ತೆರೆದಿಲ್ಲ, ಆ ಮಾತು ಬೇರೆ. ‘ಐಎಸ್‌ಐ ಮಾರ್ಕಿನ ಕುಕ್ಕರ್ ನಮ್ಮ ವಿಶೇಷ’ ಎಂದೂ ಬರೆಸುತ್ತಾರೆ. 2021ರಿಂದ ಮನೆಬಳಕೆಯ ಕುಕ್ಕರಿಗೆ ಆ ಗುರುತು ಕಾನೂನಿನ ಪ್ರಕಾರ ಕಡ್ಡಾಯ.

ಇಷ್ಟಾಗಿಯೂ ಬಲಗಡೆ ಎರಡು ಬೆರಳಗಲ ಬಿಳಿ ಉಳಿಯುತ್ತದೆ. ಸಾವ್ಕಾರ್ರ ಕಣ್ಣು ಅಲ್ಲೇ ನೆಡುತ್ತದೆ. ಡಿಟಿಪಿ ಮಾಡುವ ಹುಡುಗಿಯತ್ತ ತಿರುಗುತ್ತಾರೆ.

“ತಂಗೀ, ಇಲ್ಲಿ ಖಾಲಿ ಐತಲ್ಲ, ಏನರ ಹಾಕು.”

“ಸಾವ್ಕಾರ್ರ, ಅಲ್ಲಿ ಖಾಲಿ ಬಿಟ್ರನ ಓದಾಕ ಛಲೋ ಆಗ್ತೈತ್ರೀ.”

“ಖಾಲಿ ಜಾಗಕ್ಕೂ ರೊಕ್ಕ ಕೊಡಾಕತ್ತೇನಲ್ಲವಾ!”

ಈ ಲೆಕ್ಕಕ್ಕೆ ಉತ್ತರವಿಲ್ಲ. ತಂಗಿ ಅಲ್ಲೊಂದು ಪೂರ್ಣಕುಂಭ ಇಡುತ್ತಾಳೆ. ಕುಕ್ಕರಿನ ರಿಯಾಯಿತಿ ಮಾತ್ರ ‘ಷರತ್ತುಗಳು ಅನ್ವಯ’ದ ಪಕ್ಕದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಮುದುಡಿ ಕೂತಿರುತ್ತದೆ.

ಬೆಳಿಗ್ಗೆ ಪೇಪರ್ ಬಿಚ್ಚಿದವನ ತೊಡೆಯ ಮೇಲೆ ಬೀಳುವ ಈ ಹಾಳೆಗೆ ಸಿಗುವುದು ಒಂದು ನೋಟ, ಬಹಳವೆಂದರೆ ಎರಡು. ಏನು ಸಿಗುತ್ತದೆ, ಎಷ್ಟಕ್ಕೆ, ಎಲ್ಲಿ, ಎಂದಿನವರೆಗೆ ಅನ್ನುವುದು ಅಷ್ಟರಲ್ಲಿ ಕಣ್ಣಿಗೆ ಹೊಡೆಯಬೇಕು. ಅದೇ ಪ್ರೆಸ್ಸಿನಲ್ಲಿ ಖಾನಾವಳಿಯ ಅಕ್ಕಾರೊಬ್ಬರು ಹಳದಿ ಹಾಳೆಯ ಮೇಲೆ ಕರಿ ಮಸಿಯಲ್ಲಿ ಒಂದೇ ಬಣ್ಣದ್ದು ಮಾಡಿಸಿಕೊಂಡು ಹೋದರು. ದಪ್ಪ ಅಕ್ಷರದಲ್ಲಿ ‘ಬಿಸಿ ರೊಟ್ಟಿ ಊಟ, ಮನಿಗೆ ಡಬ್ಬಿ’, ಕೆಳಗೆ ರೇಟು, ಫೋನ್ ನಂಬರು, ಯಾವ ಗುಡಿಯ ಎದುರು ಅನ್ನುವ ಗುರುತು. ಹಿಂಬದಿಗೆ ಹುಬ್ಬಳ್ಳಿ ಬಸ್ಸಿನ ಟೈಮು. ಬಸ್ಸಿನ ಟೈಮಿಗಾಗಿ ಹುಡುಗರು ಅದನ್ನು ರೂಮಿನ ಗೋಡೆಗೆ ಅಂಟಿಸಿಕೊಂಡರು. ರೊಟ್ಟಿಯ ನಂಬರೂ ಜೊತೆಗೇ ಗೋಡೆ ಹತ್ತಿತು. ಸಾವ್ಕಾರ್ರು ಅದನ್ನು ನೋಡಿ, “ದೇವರ ಫೋಟೊನೂ ಇಲ್ಲ, ಬಡತನ ಕಾಣ್ತೈತಿ” ಅಂದರು.

ಇವರದು ನಾಲ್ಕು ಬಣ್ಣದ್ದು. ಆಕಾಶನೀಲಿ, ಗುಲಾಬಿ, ಹಳದಿ, ಕಪ್ಪು, ಒಂದೊಂದಕ್ಕೆ ಒಂದೊಂದು ಪ್ಲೇಟು. ಮೊಬೈಲಿನಲ್ಲಿ ಬೆಳಕಿನಿಂದ ಹೊಳೆಯುವ ಕೆಂಪು ಕಾಗದದ ಮೇಲೆ ಮಸಿಯಿಂದ ಹಾಗೇ ಬರುವುದಿಲ್ಲ ಎಂದು ತಂಗಿ ಪ್ರತಿ ಸಲ ಹೇಳುತ್ತಾಳೆ, ಇವರು ಪ್ರತಿ ಸಲ ಮೊಬೈಲನ್ನು ಅವಳ ಮುಖದ ಮುಂದೆ ಹಿಡಿಯುತ್ತಾರೆ. ಫೋಟೊ ಕಳಿಸಿದ್ದು ವಾಟ್ಸಾಪಿನಲ್ಲಿ. ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿಯೇ ಕಳಿಸುವುದು. ಚೊಕ್ಕ ಮುದ್ರಣಕ್ಕೆ ಇಂಚಿಗೆ 300 ಚುಕ್ಕೆ ಬೇಕು. ಡಾಕ್ಯುಮೆಂಟ್ ಮಾಡಿ ಕಳಿಸ್ರೀ ಅಂದರೆ ಆಧಾರ್ ಕಾರ್ಡ್ ಕಳಿಸಿದರು. ಕೊನೆಗೆ ಸಾವ್ಕಾರ್ರ ಮುಖ ಚೌಕಚೌಕವಾಗಿ ಬಂತು, ಮೀಸೆ ಮಾತ್ರ ಸ್ಪಷ್ಟ.

ಪ್ರೂಫ್ ತಿದ್ದುವ ವಿಷಯದಲ್ಲಿ ಬಲು ಕಟ್ಟುನಿಟ್ಟು. ಗಣ್ಯರ ಹೆಸರು ಹಿಂದುಮುಂದಾಗಿಲ್ಲ ತಾನೇ ಎಂದು ಮೂರು ಸಲ ಓದಿದರು, ಬೀಗರ ಇನಿಶಿಯಲ್ ಸರಿಮಾಡಿಸಿದರು, ‘ಓಕೆ’ ಬರೆದು ಸಹಿ ಹಾಕಿದರು. ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ ಇದ್ದವು.

ಗೊತ್ತಾದದ್ದು ಮಾಲು ಮನೆಗೆ ಬಂದ ಮೇಲೆ. 90 ಜಿಎಸ್‌ಎಂ ಆರ್ಟ್ ಪೇಪರಿನ ಐದು ಸಾವಿರ ಪ್ರತಿ ಎಂದರೆ 14 ಕಿಲೋ ಭಾರ. ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟು ತಂದದ್ದು. ಹೊಸದಾಗಿ ಹಾಕಿಸಲು ರೊಕ್ಕವಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ ಹೆಂಡತಿ, ಇಬ್ಬರು ಮಕ್ಕಳು, ಅಂಗಡಿಯ ಹುಡುಗ, ದೀಪಾವಳಿಗೆಂದು ಬಂದ ಅಳಿಯ ಎಲ್ಲರೂ ಬಾಲ್‌ಪೆನ್ ಹಿಡಿದು ಕೂತರು. ಆರ್ಟ್ ಪೇಪರಿನ ನುಣುಪಿಗೆ ಬಾಲ್‌ಪೆನ್ ಜಾರುತ್ತದೆ. ಅಳಿಯ ಬರೆದ ಏಳು ಬಹಳ ಕಡೆ ಒಂದರಂತೆ ಕಂಡಿತು, ಆದರೆ ಅಳಿಯನಿಗೆ ಹೇಳುವವರಾರು?

ಪಾಡ್ಯದ ನಸುಕಿನಲ್ಲಿ ಹುಡುಗರು ಪಾಂಪ್ಲೆಟ್ಟುಗಳನ್ನು ಪೇಪರಿನ ಮಡಿಕೆಗೆ ಸೇರಿಸಿ ಮನೆಮನೆಗೆ ಮುಟ್ಟಿಸಿದರು. ಒಂಬತ್ತೂವರೆಗೆ ಸಾವ್ಕಾರ್ರ ಫೋನು ರಿಂಗಾಯಿತು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

“ನಮಸ್ಕಾರ ಸಾವ್ಕಾರ್ರ, ನಿಮ್ಮ ಪಾಂಪ್ಲೆಟ್ ನೋಡಿದ್ವಿರೀ. ನಮ್ಮದೊಂದು ಹೊಸಾ ಪ್ರೆಸ್ ಐತ್ರೀ. ಮುಂದಿನ ಸಲ ನಮಗ ಕೊಡ್ರಿ, ಹಿಂದಿನ ಬಾಜೂನೂ ತುಂಬಿಸಿ ಕೊಡ್ತೇವಿ.”

ಅಳಿಯ ತಲೆ ತಗ್ಗಿಸಿ ನಕ್ಕ. ಸಾವ್ಕಾರ್ರು ಪಾಂಪ್ಲೆಟ್ ತಿರುವಿ ಹಾಕಿ ಹಿಂಬದಿಯನ್ನು ಒಮ್ಮೆ ನೋಡಿದರು.

“ರೇಟು ಹೆಂಗ್ರೀ?”