ಉಕ್ಕುಬಿಂದು ಲಕ್ಷಣ ನಿರ್ಣಯ

ಶಾಸ್ತ್ರ ಬರೆಯಹೊರಟವನು ಮೊದಲು ಲಕ್ಷಣ ಹೇಳಬೇಕು. ಹವಾಮಾನ ಪಂಡಿತರ ‘ಟಿಪ್ಪಿಂಗ್ ಪಾಯಿಂಟ್’ ನನ್ನ ಕೈಯಲ್ಲಿ ‘ಉಕ್ಕುಬಿಂದು’ ಆಗಿದೆ. ಯಾವ ಗಡಿ ದಾಟಿದ ಮೇಲೆ ಒಲೆ ಆರಿಸಿದರೂ ಹಾಲು ಪಾತ್ರೆಗೆ ವಾಪಸು ಬರುವುದಿಲ್ಲವೋ ಅದೇ ಉಕ್ಕುಬಿಂದು. ಸೂತ್ರ ಮುಗಿಯಿತು, ಇನ್ನು ಭಾಷ್ಯ.

ಪೂರ್ವಪಕ್ಷ: ಭೂಮಿಯಲ್ಲಿ ಹೀಗೆ ಉಕ್ಕಬಲ್ಲ ಪಾತ್ರೆಗಳ ಪಟ್ಟಿಯನ್ನು 2008ರಲ್ಲಿ ಟಿಮೋತಿ ಲೆಂಟನ್ ಮತ್ತು ಸಂಗಡಿಗರು ಕೊಟ್ಟರು. 2022ರ ಪಟ್ಟಿಯಲ್ಲಿ ಅವು 16 ಆದವು: ಗ್ರೀನ್‌ಲ್ಯಾಂಡಿನ ಹಿಮ, ಅಮೆಜಾನ್ ಕಾಡು, ಪರ್ವತಗಳ ಹಿಮನದಿ ಇತ್ಯಾದಿ. 2024ರ ಡಿಸೆಂಬರಿನಲ್ಲಿ ಇನ್ನೊಂದು ಪಂಡಿತವರ್ಗ, ‘ಟಿಪ್ಪಿಂಗ್ ಪಾಯಿಂಟ್’ ಎಂಬ ಪದವೇ ಗೊಂದಲದ್ದು ಎಂದು ತಕರಾರು ತೆಗೆಯಿತು.

ಇವರೆಲ್ಲ ದಿಲ್ಲಿಯನ್ನು ಒಂದು ಮಾತು ಕೇಳಬಹುದಿತ್ತು. ಇಲ್ಲಿ ಗಡಿಗಳಿಗೆ ಬರವಿಲ್ಲ. 2017ರಲ್ಲಿ ಹುಟ್ಟಿದ, ಗಾಳಿ ಕೆಟ್ಟಂತೆಲ್ಲ ಲಾರಿಗಳನ್ನೂ ತಡೆಯುವ ‘ಗ್ರ್ಯಾಪ್’ ಎಂಬ ಶಾಸ್ತ್ರದ ಪ್ರಕಾರ ಗಾಳಿಯ ಗುಣಮಟ್ಟದ ಅಂಕ, ಅಂದರೆ ಎಕ್ಯೂಐ, 200 ದಾಟಿದರೆ ಒಂದನೇ ಹಂತ, 300ಕ್ಕೆ ಎರಡು, 400ಕ್ಕೆ ಮೂರು, 450ಕ್ಕೆ ನಾಲ್ಕು. ನಾಲ್ಕನೆಯದರ ಹೆಸರು ‘ಸಿವಿಯರ್ ಪ್ಲಸ್’. ಹುಡುಗನಿಗೆ ರ‍್ಯಾಂಕ್ ಬಂದಂತೆ ಕೇಳಿಸುತ್ತದೆ. 2024ರ ನವೆಂಬರ್ 18ರಂದು ಅಂಕ 494. ಸರ್ಕಾರಿ ಅಳತೆಪಟ್ಟಿ 500ಕ್ಕೇ ಮುಗಿಯುವುದರಿಂದ ಆರು ಅಂಕದಲ್ಲಿ ಶಾಸ್ತ್ರದ ಮಾನ ಉಳಿಯಿತು. ಆಮೇಲೆ ಗಾಳಿ ಬೀಸಿತು, ಅಂಕ ಇಳಿಯಿತು. ಇಳಿದು ಬರುವಂಥದ್ದು ಉಕ್ಕುಬಿಂದುವಲ್ಲ. ಇದನ್ನು ಸೇರಿಸಿಕೊಂಡರೆ, ಲಕ್ಷಣ ಸಲ್ಲದ್ದಕ್ಕೂ ಹರಡುವ ಅತಿವ್ಯಾಪ್ತಿ ದೋಷ.

ಸಲ್ಲಬೇಕಾದ್ದನ್ನೇ ಬಿಟ್ಟುಬಿಡುವ ಅವ್ಯಾಪ್ತಿ ದೋಷ ಯಮುನೆಯ ನೆತ್ತಿಯ ಮೇಲೆ, ಹಿಮಾಲಯದಲ್ಲಿದೆ. ಪರ್ವತದ ಹಿಮನದಿಗಳಿಗೆ ಆ 16ರ ಪಟ್ಟಿ ಬರೆದಿರುವ ಗಡಿ ಭೂಮಿಯ ತಾಪಮಾನದಲ್ಲಿ ಸುಮಾರು 2 ಡಿಗ್ರಿ ಏರಿಕೆ. ಅದಕ್ಕೆ ಹಂತವಿಲ್ಲ, ಬಣ್ಣವಿಲ್ಲ, ಲಾರಿ ತಡೆಯುವ ಬ್ಯಾರಿಕೇಡೂ ಇಲ್ಲ. ನೋಟಿಸು ಕೊಟ್ಟು ಕರಗುವ ಪದ್ಧತಿ ಹಿಮಕ್ಕಿಲ್ಲ.

ದೃಷ್ಟಾಂತ ನಮ್ಮ ಬಾಲ್ಕನಿಯಿಂದಲೇ ಕಾಣುತ್ತದೆ: ಗಾಜೀಪುರದ ಕಸದ ಬೆಟ್ಟ. 1984ರಲ್ಲಿ ಶುರುವಾದದ್ದು 2002ಕ್ಕೇ ತುಂಬಿತ್ತು. ಸುರಿಯುವುದು ನಿಲ್ಲಲಿಲ್ಲ. 2017ರ ಸೆಪ್ಟೆಂಬರ್ 1ರಂದು ಅದರ ಒಂದು ಮಗ್ಗುಲು ಜಾರಿ ಇಬ್ಬರು ಸತ್ತರು. ಎಷ್ಟನೆಯ ಲಾರಿಯ ಕಸಕ್ಕೆ ಜಾರಿತು? ಈ ಪ್ರಶ್ನೆಗೆ ಯಾವ ಪಂಡಿತನೂ ಉತ್ತರಿಸಲಾರ. ಸತ್ತವರಿಗೂ ಅದರಿಂದ ಆಗಬೇಕಾದ್ದೇನಿಲ್ಲ.

ಇನ್ನು ಸ್ವಂತ ಪ್ರಯೋಗ. ಮನೆಯಾಕೆ, “ರೀ, ಹಾಲಿಟ್ಟಿದೀನಿ, ಒಂಚೂರು ನೋಡ್ಕೊಳ್ಳಿ” ಎಂದು ಸ್ನಾನಕ್ಕೆ ಹೋದಳು. ನೋಡಿದೆ. ಅಂಚಿಗೆ ಸಣ್ಣ ಗುಳ್ಳೆ, ನಡುವೆ ಕೆನೆ ಉಬ್ಬಿತು. ಒಂದನೇ ಹಂತ ಎಂದು ಬರೆದುಕೊಂಡೆ. ಎರಡನೆಯದು ಬರೆಯಲು ತಲೆ ಬಗ್ಗಿಸುವಷ್ಟರಲ್ಲಿ ಹಾಲು ಬರ್ನರಿನ ಮೇಲಿತ್ತು. ಬಚ್ಚಲ ಬಾಗಿಲ ಹಿಂದಿನಿಂದಲೇ ಪ್ರಶ್ನೆ ಬಂತು: “ಉಕ್ಕಿಸಿದ್ರಾ?” ವಿಜ್ಞಾನ ಸಂವಹನಕ್ಕೆ ಸೀದ ವಾಸನೆಯೇ ಸಾಕಾಯಿತು.

ಈ ಪ್ರಬಂಧವನ್ನು ಖಂಡಿಸಲು ಸಂಜೆ ಕಾಫಿಗೆ ಬರುವ ವಿದ್ವಾಂಸರು ಬರುವಾಗ ಅರ್ಧ ಲೀಟರ್ ಹಾಲು ತರಬೇಕಾಗಿ ವಿನಂತಿ.