ಹೊತ್ತು ಕೇಳದ ಕೂಸು

2008ರಲ್ಲಿ ನಮ್ಮ ಕುಂದಾಣದ ಸೀಮೆಗೆ ಎರಡು ಹೊಸ ಸದ್ದು ಬಂದವು. ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿ ತಲೆಯ ಮೇಲಿನದು. ನವೆಂಬರಿನಲ್ಲಿ 108 ಆಂಬುಲೆನ್ಸ್ ಹೊರಟು ರಸ್ತೆಯದು. ವಿಮಾನ ಹಾರಿಸುವವನು ಇಷ್ಟು ತಾಸು ದುಡಿದ ಮೇಲೆ ಇಷ್ಟು ತಾಸು ಮಲಗಲೇಬೇಕೆಂದು ಕಾನೂನಿದೆ. ಹೆರಿಗೆ ನೋಡುವವಳ ನಿದ್ದೆಯ ಲೆಕ್ಕ ಮಾತ್ರ ಇನ್ನೂ ಹುಟ್ಟದ ಕೂಸಿನ ಕೈಯಲ್ಲಿದೆ.

ಆಸ್ಪತ್ರೆಯ ನರ್ಸುಗಳಿಗಾದರೂ ಪಾಳಿ ಉಂಟು. ಹಳ್ಳಿಯ ಉಪಕೇಂದ್ರದ ನರ್ಸಮ್ಮನಿಗೆ ಬಯಲುಸೀಮೆಯ ಲೆಕ್ಕದಲ್ಲಿ 5,000 ಜನ, ಒಂದು ಮೊಬೈಲು. ಈಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲೇ ಆಗುತ್ತವೆ, ಆಕೆಗೆ ಆರಾಮ ಅಂದುಕೊಳ್ಳುತ್ತೇವೆ. ಆದರೆ ಬಸುರಿಯರ ತಾಯಿ ಕಾರ್ಡಿನಲ್ಲಿ ಆಕೆಯ ನಂಬರ್ ಇದೆಯಲ್ಲ! ನಾನು ಬಲ್ಲ ಒಬ್ಬ ನರ್ಸಮ್ಮನಿಗೆ ನಡುರಾತ್ರಿ ಫೋನು:

"ನರ್ಸಮ್ಮೋರೆ, ಸೊಸೆಗೆ ನೋವು ಬಂದೈತೋ ಇಲ್ವೋ ಗೊತ್ತಾಗ್ತಿಲ್ಲ."

"ಅವಳನ್ನೇ ಕೇಳಮ್ಮ."

"ಅವ್ಳು ಮಲಗವ್ಳೆ."

"ಹಂಗಾದ್ರೆ ನಾನೂ ಮಲಗ್ತೀನಿ ಕಣಮ್ಮ."

ಮಲಗಲಿಲ್ಲವಂತೆ. ನಿಜವಾಗಿ ಬಂದೇಬಿಟ್ಟರೆ ಅಂತ ಕೂತೇ ಬೆಳಗು ಮಾಡಿದರಂತೆ. ಫೋನು ಬಾರದ ರಾತ್ರಿಯೂ ಡ್ಯೂಟಿಯೇ. ಹಾಜರಿ ಪುಸ್ತಕದಲ್ಲಿ ಅದಕ್ಕೆ ಅಂಕಣವಿಲ್ಲ.

ಈ ಕಡೆಯ ರೇಷ್ಮೆ ಮನೆಗಳಿಗೆ ಇಂಥ ಕಾಯುವಿಕೆ ಹೊಸದಲ್ಲ. ನಾಲ್ಕನೇ ಜ್ವರ ಎಂಬ ಪೊರೆ ಬಿಡುವ ನಿದ್ದೆಯಿಂದ ಎದ್ದ ಹುಳಕ್ಕೆ ಸೊಪ್ಪು ಹಾಕುವ ದಿನಗಳಲ್ಲಿ ಆ ಮನೆಯವರನ್ನು ಮದುವೆಗೆ ಕರೆದರೂ ಬರುವುದಿಲ್ಲ, ಯಾರೂ ಬೇಸರಪಡುವುದೂ ಇಲ್ಲ. ಹುಳ ಹಣ್ಣಾಯಿತೆಂದರೆ ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ನೆರೆಹೊರೆಯೇ ಕೈಜೋಡಿಸುತ್ತದೆ. ಅದೇ ಊರಿನಲ್ಲಿ ನರ್ಸಮ್ಮ ಮದುವೆಗೆ ಬರಲಿಲ್ಲವೆಂದರೆ ಜಂಬ. ಬಂದು ಪಾಯಸದ ಹೊತ್ತಿಗೆ ಫೋನು ಹಿಡಿದು ಎದ್ದರೆ ಇನ್ನೂ ಜಂಬ.

ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಅದೂ ಕಾಸು ಮುಟ್ಟದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಿಗೇ ಹನ್ನೆರಡು ಮಕ್ಕಳು. ಸನ್ಮಾನದ ಭಾಷಣಗಳೆಲ್ಲ ಹೆರಿಗೆಯನ್ನೇ ಎಣಿಸುತ್ತವೆ. ಅಮ್ಮ ಊರೂರು ತಿರುಗುತ್ತಿದ್ದಾಗ ಆ ಹನ್ನೆರಡು ತಟ್ಟೆಗೆ ಅನ್ನ ಬಡಿಸಿದವರು ಯಾರೆಂದು ಕೇಳುವ ಭಾಷಣಕಾರ ನನಗಂತೂ ಸಿಕ್ಕಿಲ್ಲ. ತ್ಯಾಗ ಎಂದು ಒಂದು ಶಾಲು ಹೊದಿಸಿಬಿಟ್ಟರೆ ರಜೆ ಕೊಡುವ ತಾಪತ್ರಯ ತಪ್ಪುತ್ತದೆ.

ನಮ್ಮ ನರ್ಸಮ್ಮನ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಇದೆ. ಯಜಮಾನರು ಮೊದಮೊದಲು ಹೋಟೆಲಿನಿಂದ ಇಡ್ಲಿ ತರುತ್ತಿದ್ದರು, ಆಮೇಲೆ ಸಾರು ಕಲಿತರು, ಕೊನೆಗೆ ಗಂಟಿಲ್ಲದ ಮುದ್ದೆಯನ್ನೂ ತಿರುವಿದರು. ಬಾಣಂತಿಗೆ ಮಡಿಲು ಕಿಟ್ ಇತ್ತು, ಬಸುರಿಗೆ ಜನನಿ ಸುರಕ್ಷಾ ಯೋಜನೆ ಇದೆ. ಈ ಮುದ್ದೆಯೊಂದು ಮಾತ್ರ ಯಾವ ಇಲಾಖೆಯ ಅನುದಾನವೂ ಇಲ್ಲದೆ ಇವತ್ತಿಗೂ ನಡೆಯುತ್ತಿದೆ. ಉಪ್ಪು ಕೊಂಚ ಹೆಚ್ಚಾಯಿತೆಂದು ನರ್ಸಮ್ಮ ಮೊನ್ನೆ ಮೆಲ್ಲಗೆ ದೂರಿದರು, ಯಜಮಾನರ ಮುಂದಲ್ಲ.