ಅಳತೆರಾಯರ ಎನ್‌ಎಡಿ

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಕ್ಯುಪರ್ಟಿನೊ, ಫ್ರೀಮಾಂಟ್ ಕಡೆ ಯಾವ ಕನ್ನಡಿಗರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಒಬ್ಬರಾದರೂ ಅಳತೆರಾಯರು ಸಿಕ್ಕೇ ಸಿಗುತ್ತಾರೆ. ವಯಸ್ಸು ಐವತ್ತರ ಆಚೆಈಚೆ. ಓದಿದ್ದು ಸುರತ್ಕಲ್‌ನಲ್ಲೋ ಮೈಸೂರಿನಲ್ಲೋ, ದುಡಿಯುವುದು ಚಿಪ್ಪು ಇಲ್ಲವೇ ಸಾಫ್ಟ್‌ವೇರ್ ಕಂಪನಿಯಲ್ಲಿ. ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ವಾಚು, ಬೆರಳಲ್ಲಿ ನಿದ್ದೆ ಅಳೆಯುವ ಉಂಗುರ, ತೋಳಿನ ಹಿಂಬದಿಗೆ ಸಕ್ಕರೆ ನೋಡುವ ಬಿಲ್ಲೆ. ಸಪಾದಭಕ್ಷ್ಯವನ್ನು ಕಣ್ಣಿಗೊತ್ತಿಕೊಂಡು ತಿಂದ ಅರ್ಧ ಗಂಟೆಗೆ ಫೋನು ತೆಗೆದು ನೋಡಿ, "ನೂರೈವತ್ತೆಂಟು. ದೇವರು ದೊಡ್ಡವನು, ಆದರೆ ರವೆ ಜಾಸ್ತಿಯಾಯಿತು" ಎನ್ನುತ್ತಾರೆ.

ಈ ವಲಯದಲ್ಲಿ ಕುಶಲಪ್ರಶ್ನೆ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಮೊದಲು "ಗ್ರೀನ್ ಕಾರ್ಡ್ ಎಲ್ಲಿಗೆ ಬಂತು?" ಇತ್ತು. ಆಮೇಲೆ "ಮನೆ ಎಷ್ಟಕ್ಕೆ ಬಿತ್ತು?" ಬಂತು. ಅದರ ಬೆನ್ನಿಗೆ "ಮಗಳಿಗೆ ಯಾವ ಕಾಲೇಜು?" ರಾಯರು ಮೂರನ್ನೂ ದಾಟಿದವರು. ಈಗ ಊಟದ ಸಾಲಿನಲ್ಲಿ ಹಿಂದೆ ನಿಂತವರ ಕಡೆ ತಿರುಗಿ ಕೇಳುತ್ತಾರೆ: "ನಿಮ್ಮ ಎನ್‌ಎಡಿ ಎಷ್ಟು?"

"ಗೊತ್ತಿಲ್ಲ" ಎಂದವರ ಕತೆ ಮುಗಿಯಿತು. ಎನ್‌ಎಡಿ ಎಂದರೆ ದೇಹದ ಪ್ರತಿ ಜೀವಕೋಶದಲ್ಲೂ ಇರುವ ಸಹಕಿಣ್ವ. ಉಂಡ ಅನ್ನವನ್ನು ಶಕ್ತಿಯಾಗಿಸುವ ಕೆಲಸದಲ್ಲಿ ಎಲೆಕ್ಟ್ರಾನುಗಳನ್ನು ಹೊತ್ತು ಸಾಗಿಸುವುದು ಅದೇ. ಚಿತ್ರಾನ್ನದಿಂದ ಹುಳಿಯ ಪಾತ್ರೆಗೆ ಸರಿಯುವಷ್ಟರಲ್ಲಿ ರಾಯರು 1906ನ್ನು ಮುಗಿಸಿರುತ್ತಾರೆ. ಆ ವರ್ಷ ಇಂಗ್ಲೆಂಡಿನ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಯೀಸ್ಟಿನ ರಸ ಸೋಸುತ್ತ, ಕುದಿಸಿದರೂ ಕೆಡದ ಯಾವುದೋ ಒಂದು ಪದಾರ್ಥವಿಲ್ಲದೆ ಹುದುಗುವಿಕೆ ನಿಂತುಹೋಗುತ್ತದೆ ಎಂದು ಕಂಡುಕೊಂಡರು. ಹಾರ್ಡನ್‌ಗೆ 1929ರಲ್ಲಿ ನೊಬೆಲ್ ಬಂತು. ಮಜ್ಜಿಗೆಯ ಹೊತ್ತಿಗೆ 2000. ಎಂಐಟಿಯಲ್ಲಿ ಶಿನ್‌ಇಚಿರೊ ಇಮಾಯಿ ಮತ್ತು ಲಿಯೊನಾರ್ಡ್ ಗ್ವಾರೆಂಟೆ, ವಯಸ್ಸಾಗುವಿಕೆಯ ಜೊತೆ ನಂಟಿರುವ ಸರ್ಟುಯಿನ್ ಎಂಬ ಪ್ರೊಟೀನು ಎನ್‌ಎಡಿ ಇಲ್ಲದೆ ಕೆಲಸ ಮಾಡದು ಎಂದು ತೋರಿಸಿದ ವರ್ಷ. ಕೈತೊಳೆಯುವಾಗ 2013: ಹಾರ್ವರ್ಡಿನ ಡೇವಿಡ್ ಸಿಂಕ್ಲೇರ್ ತಂಡ ಮುದಿ ಇಲಿಗಳಿಗೆ ಒಂದು ವಾರ, ದೇಹದಲ್ಲಿ ಎನ್‌ಎಡಿಯಾಗಿ ಮಾರ್ಪಡುವ ಎನ್‌ಎಂಎನ್ ಕೊಟ್ಟಾಗ ಸ್ನಾಯುವಿನ ಕೆಲವು ಗುರುತುಗಳು ಎಳೆಯ ಇಲಿಗಳಂತಾದವು.

"ಇಲಿಗಳು ಈಗ ಹೇಗಿವೆ?" ಎಂದು ಯಾರೋ ಕೇಳಿದರೆ ರಾಯರಿಗೆ ಅದು ಕುಹಕವೆಂದು ತಿಳಿಯುವುದೇ ಇಲ್ಲ.

ಪರೀಕ್ಷೆಯ ದಿನ ಶನಿವಾರ. ಅಂದು ಬೆಳಗ್ಗೆ ರಾಯರ ಮಡಿ ಅವರ ಅಜ್ಜಿಯ ಮಡಿಗಿಂತ ಒಂದು ಕೈ ಹೆಚ್ಚು. ಕಾಫಿ ಇಲ್ಲ, ಓಟವಿಲ್ಲ, ಯಾರೂ ಮುಟ್ಟುವಂತಿಲ್ಲ. ಕೈಯನ್ನು ಬಿಸಿನೀರಿನಲ್ಲಿ ಅದ್ದಿ, ಉಂಗುರದ ಬೆರಳಿನ ತುದಿಗೆ ಸ್ಪಿರಿಟ್ ಒರೆಸಿ, ಸೂಜಿಯ ಗುಂಡಿ ಒತ್ತುತ್ತಾರೆ. ಮೊದಲ ಹನಿ ಒರೆಸಿ ಎಸೆಯಬೇಕು. ಉಳಿದ ಹನಿಗಳನ್ನು ಪುಟ್ಟ ಕೊಳವೆಗೆ ಇಳಿಸಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಹನಿ ಬಿದ್ದರೆ ಶ್ರೀಮತಿಯವರ ದನಿ ಏರುತ್ತದೆ: "ರೀ, ದೋಸೆ ಹಿಟ್ಟಿನ ಪಕ್ಕದಲ್ಲಿ ಇದನ್ನೆಲ್ಲ ಇಟ್ಕೋಬೇಡಿ." ಕೊಳವೆ ಲಕೋಟೆಗೆ, ಲಕೋಟೆ ಅಂಚೆಗೆ. ಆಮೇಲೆ ಎರಡು ವಾರ ರಾಯರು ಫಲಿತಾಂಶಕ್ಕೆ ಕಾದ ಎಸ್ಸೆಸ್ಸೆಲ್ಸಿ ಹುಡುಗ.

ಒಮ್ಮೆ ಅನುಮಾನ ಬಂದು ಒಂದೇ ಬೆಳಗ್ಗೆ ಎರಡು ಲ್ಯಾಬಿಗೆ ರಕ್ತ ಕಳಿಸಿದರು. ಒಂದು 31 ಮೈಕ್ರೊಮೋಲಾರ್ ಎಂದಿತು, ಇನ್ನೊಂದು 22. ಎನ್‌ಎಡಿ ಇರುವುದು ರಕ್ತಕಣಗಳ ಒಳಗೆ. ಹೊರಗಿನ ಪ್ಲಾಸ್ಮಾದಲ್ಲಿ ಅದು ಅತ್ಯಲ್ಪ. ರಕ್ತ ಹೊರಬಂದ ಮೇಲೆ ಕಿಣ್ವಗಳು ಅದನ್ನು ತಿನ್ನತೊಡಗುತ್ತವೆ, ಆದ್ದರಿಂದ ಎಷ್ಟು ಬೇಗ, ಯಾವ ರಾಸಾಯನಿಕದಲ್ಲಿ ಅದನ್ನು ತಡೆದರು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಕಿಣ್ವದ ಪರೀಕ್ಷೆಯ ಲೆಕ್ಕ ಒಂದು ಬಗೆ, ಮಾಸ್ ಸ್ಪೆಕ್ಟ್ರೋಮೀಟರಿನ ಲೆಕ್ಕ ಇನ್ನೊಂದು ಬಗೆ. ರಾಯರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ, ಸ್ಪ್ರೆಡ್‌ಶೀಟಿನಲ್ಲಿ 26.50 ಎಂದು ತುಂಬಿದರು. ಆ ಕೊನೆಯ ಸೊನ್ನೆಯಿಂದ ಅವರ ಮನಸ್ಸಿಗೆ ನೆಮ್ಮದಿಯಾಯಿತು.

ಈ ವ್ಯವಹಾರದಲ್ಲಿ ರಾಯರನ್ನು ಕಟ್ಟಿಹಾಕಿದ ಪ್ರಶ್ನೆ ಕೇಳಿದವರು ವಿಜ್ಞಾನಿಯಲ್ಲ; ಆರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ಅತ್ತೆ. ಅವರಿಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಂದರೇನೆಂದು ಅಳಿಯನಿಗಿಂತ ಚೆನ್ನಾಗಿ ಬಲ್ಲವರು. 5.7 ದಾಟಿದರೆ ಎಚ್ಚರ, 6.5 ದಾಟಿದರೆ ಕಾಯಿಲೆ, ಏರುತ್ತ ಹೋದರೆ ಕಣ್ಣು, ಮೂತ್ರಪಿಂಡ, ಕಾಲು.

"ಅಲ್ರೀ, ಈ ನಿಮ್ಮ ನಂಬರ್ ಕಮ್ಮಿ ಆದ್ರ ಏನಾಗ್ತದ?"

"ವಯಸ್ಸಾಗ್ತಿದೆ ಅಂತ, ಅತ್ತೆ."

"ಅದು ನಂಬರ್ ಇಲ್ಲದನೂ ಗೊತ್ತಾಗ್ತದಲ್ಲ. ಜಾಸ್ತಿ ಆದ್ರ?"

"ಒಳ್ಳೇದು."

"ಅಂದ್ರ ಎಷ್ಟ್ ವರ್ಷ?"

ರಾಯರು ಸುಮ್ಮನಾದರು. ಇಷ್ಟು ಎನ್‌ಎಡಿ ಇದ್ದವರು ಇಷ್ಟು ಕಾಲ ಆರೋಗ್ಯವಾಗಿರುತ್ತಾರೆ ಎಂದು ಹೇಳುವ, ವೈದ್ಯರೆಲ್ಲ ಒಪ್ಪಿದ ಪಟ್ಟಿ ಯಾವುದೂ ಇಲ್ಲ. ವರದಿಯ ಮೇಲಿನ ಕೆಂಪು, ಹಳದಿ, ಹಸಿರು ಪಟ್ಟಿಗಳನ್ನು ಬಳಿದದ್ದು ಪರೀಕ್ಷೆ ಮಾರುವ ಕಂಪನಿ. ಹಳದಿಗೆ ಬಿದ್ದರೆ ಕೊಳ್ಳಬೇಕಾದ ಡಬ್ಬಿಯೂ ಅದೇ ಕಂಪನಿಯದು. ಹಸಿರಿಗೆ ಬಂದರೆ ಅದೇ ಡಬ್ಬಿಯನ್ನು ಮುಂದುವರಿಸಬೇಕು.

ಸೋಲೊಪ್ಪದ ರಾಯರು ಮಾತನ್ನು ಜೋಳದ ರೊಟ್ಟಿಯ ಕಡೆ ತಿರುಗಿಸಿದರು. ಎನ್‌ಎಡಿ ನಿಜಕ್ಕೂ ಬರಿದಾದರೆ ಬರುವುದು ಪೆಲಾಗ್ರಾ: ಬಿಸಿಲು ಬಿದ್ದ ಚರ್ಮ ಸುಲಿಯುತ್ತದೆ, ಭೇದಿಯಾಗುತ್ತದೆ, ಬುದ್ಧಿ ಕಲಕುತ್ತದೆ. ಮೆಕ್ಕೆಜೋಳವೇ ಗತಿಯಾಗಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರನ್ನು ಅದು ಕಾಡಿತು. ಅದು ಅಂಟುರೋಗವಲ್ಲ, ಆಹಾರದ ಕೊರತೆ ಎಂದು ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿದರು. 1937ರಲ್ಲಿ ವಿಸ್ಕಾನ್ಸಿನ್‌ನ ಕಾನ್ರಾಡ್ ಎಲ್ವೆಹ್ಯಂ, ನಾಯಿಗಳಲ್ಲಿನ ಅದೇ ಬಗೆಯ ರೋಗವನ್ನು ನಿಕೋಟಿನಿಕ್ ಆಮ್ಲ, ಅಂದರೆ ನಯಾಸಿನ್, ವಾಸಿಮಾಡುತ್ತದೆ ಎಂದು ಕಂಡುಹಿಡಿದರು. ದಖ್ಖನಿನಲ್ಲಿ ಜೋಳ ತಿನ್ನುವ ಬಡವರಲ್ಲೂ ಪೆಲಾಗ್ರಾ ಇತ್ತು, ಹೈದರಾಬಾದಿನಲ್ಲಿ ಸಿ. ಗೋಪಾಲನ್ ಅದರ ಹಿಂದೆ ಬಿದ್ದು, ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಇದಕ್ಕೆ ಕಾರಣವಿರಬಹುದೆಂದು ವಾದಿಸಿದರು.

"ಹಂಗಂದ್ರ ನಾವೆಲ್ಲ ಇಷ್ಟೊತ್ತಿಗೆ ಸುಲಿದು ಹೋಗಿರಬೇಕಾಗಿತ್ತು" ಎಂದು ಅತ್ತೆ ರೊಟ್ಟಿಯ ಮೇಲೆ ಇನ್ನೊಂದು ಚಮಚ ಶೇಂಗಾ ಚಟ್ನಿ ಹಾಕಿಕೊಂಡರು. ಶೇಂಗಾದಲ್ಲಿ ನಯಾಸಿನ್ ಧಾರಾಳವಾಗಿದೆ ಎಂದು ಹೇಳಲು ಬಾಯಿ ತೆರೆದ ರಾಯರು, ಅದು ತಮ್ಮ ವಾದಕ್ಕೇ ಏಟು ಎಂದು ಹೊಳೆದು ಮುಚ್ಚಿಕೊಂಡರು.

ನಯಾಸಿನ್ ಅಗ್ಗ, ಎನ್‌ಎಡಿಯನ್ನು ಅದೂ ಏರಿಸುತ್ತದೆ. ಮನೆಯ ಹಣಕಾಸು ನೋಡುವ ಶ್ರೀಮತಿಯವರು ಇದನ್ನು ಎಲ್ಲೋ ಓದಿದ್ದೇ ತಡ, ರಾಯರು ದಿನವೂ ನುಂಗುತ್ತಿದ್ದ ಎನ್‌ಎಂಎನ್ ಡಬ್ಬಿಯ ಜಾಗಕ್ಕೆ ನಯಾಸಿನ್ ಬಂತು. ರಾಯರು ಖಾಲಿ ಹೊಟ್ಟೆಯಲ್ಲಿ ನುಂಗಿ ಬೆಳಗಿನ ವಿಡಿಯೊ ಮೀಟಿಂಗಿಗೆ ಕುಳಿತರು. ಹತ್ತಿಪ್ಪತ್ತು ನಿಮಿಷಕ್ಕೆ ಕಿವಿ ಬಿಸಿಯಾಯಿತು, ಮುಖ ಕೆಂಪೇರಿತು, ಕತ್ತು ಉರಿಯಿತು. ನಯಾಸಿನ್ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಗಾಬರಿಯೇನಿಲ್ಲ. ಆದರೆ ಅದೇ ಕ್ಷಣದಲ್ಲಿ ತಂಡದ ಹುಡುಗನೊಬ್ಬ ಕೆಲಸ ತಡವಾಗಿದ್ದನ್ನು ಒಪ್ಪಿಕೊಳ್ಳುತ್ತಿದ್ದ. ರಾಯರ ಮುಖ ನೋಡಿ ಅವನು, ಯಾರೂ ಕೇಳದಿದ್ದರೂ, ಎರಡು ದಿನದಲ್ಲಿ ಮುಗಿಸುವುದಾಗಿ ಮಾತು ಕೊಟ್ಟ. ನಯಾಸಿನ್‌ನಿಂದ ಆ ಮನೆಯಲ್ಲಿ ದಾಖಲಾದ ಪ್ರಯೋಜನ ಅದೊಂದೇ. ಮರುವಾರ ಎನ್‌ಎಂಎನ್ ವಾಪಸಾಯಿತು.

ರಾಯರನ್ನು ದಡ್ಡರೆನ್ನುವಂತಿಲ್ಲ. ಮಾತ್ರೆ ರಕ್ತದ ಎನ್‌ಎಡಿಯನ್ನು ಏರಿಸುತ್ತದೆ ಎಂಬುದು ಸುಳ್ಳಲ್ಲ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎನ್‌ಎಂಎನ್‌ನ ದಾಯಾದಿಯಾದ ಎನ್‌ಆರ್ ಅನ್ನು ದಿನಕ್ಕೆ 1,000 ಮಿಲಿಗ್ರಾಂನಂತೆ ಆರು ವಾರ ತೆಗೆದುಕೊಂಡವರ ರಕ್ತಕಣಗಳಲ್ಲಿ ಎನ್‌ಎಡಿ ಸುಮಾರು ಶೇಕಡಾ 60ರಷ್ಟು ಏರಿತು. 2021ರ ಇನ್ನೊಂದರಲ್ಲಿ, ಮುಟ್ಟು ನಿಂತ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 25 ಮಹಿಳೆಯರ ಪೈಕಿ ಹತ್ತು ವಾರ ಎನ್‌ಎಂಎನ್ ಪಡೆದವರ ಸ್ನಾಯುಗಳು ಇನ್ಸುಲಿನ್‌ಗೆ ಹೆಚ್ಚು ಚೆನ್ನಾಗಿ ಸ್ಪಂದಿಸಿದವು. ತೂಕ, ರಕ್ತದೊತ್ತಡ ಇದ್ದಲ್ಲೇ ಇದ್ದವು. ರಾಯರು ಇವನ್ನೆಲ್ಲ ಅಡಿಟಿಪ್ಪಣಿ ಸಮೇತ ಓದಿದ್ದಾರೆ. ಓದದೆ ಬಿಟ್ಟದ್ದು ತಮ್ಮದೇ ಸ್ಪ್ರೆಡ್‌ಶೀಟನ್ನು.

ಅದನ್ನು ಓದಿದ್ದು ಡೇವಿಸ್‌ನಲ್ಲಿ ಜೀವಶಾಸ್ತ್ರ ಓದುವ ಮಗಳು. "ಅಪ್ಪಾ, ಮಾತ್ರೆ ಶುರು ಮಾಡೋ ಮೊದಲಿನ ರೀಡಿಂಗ್ ಎಲ್ಲಿ?" ಇರಲಿಲ್ಲ. ಉತ್ಸಾಹದಲ್ಲಿ ಮೊದಲು ನುಂಗಿ ಆಮೇಲೆ ಅಳೆದಿದ್ದರು. ಮಗಳ ಒತ್ತಾಯಕ್ಕೆ ಒಂದು ತಿಂಗಳು ನಿಲ್ಲಿಸಿ ಮತ್ತೆ ಅಳೆದರು. ಅಂಕಿ ಧಡಕ್ಕನೆ ಇಳಿಯಿತು. ರಾಯರಿಗೆ ಮಹದಾನಂದ: "ನೋಡಿದೆಯಾ, ಕೆಲಸ ಮಾಡ್ತಿತ್ತು!" ಮಗಳು ಪಕ್ಕದ ಕಾಲಂ ತೋರಿಸಿದಳು. ಐದು ಕಿಲೋಮೀಟರ್ ಓಟಕ್ಕೆ ತಗುಲುವ ಸಮಯ, ನಿದ್ದೆ, ಕೈಹಿಡಿತದ ಬಲ, ಮಾತ್ರೆ ಇದ್ದಾಗಲೂ ಇಲ್ಲದಾಗಲೂ ಒಂದೇ. ಆಮೇಲೆ ಬಲಕ್ಕೆ ಸರಿಸುತ್ತ ಸರಿಸುತ್ತ ಹೋಗಿ, ಯಾರೂ ಬಣ್ಣ ಬಳಿಯದ ಒಂದು ಕಾಲಂ ಮುಂದೆ ನಿಂತಳು. ಎಲ್‌ಡಿಎಲ್ ಕೊಲೆಸ್ಟರಾಲ್: 168.

ರಾಯರ ತಂದೆ ಶಿವಮೊಗ್ಗದಲ್ಲಿ ಐವತ್ನಾಲ್ಕನೆಯ ವಯಸ್ಸಿಗೆ ಹೃದಯಾಘಾತದಲ್ಲಿ ಹೋದವರು. ಈ ವಾಚು, ಉಂಗುರ, ಬಿಲ್ಲೆ, ಸೂಜಿಗಳ ಸಂಸಾರವೆಲ್ಲ ಶುರುವಾದದ್ದು ಅಲ್ಲಿಂದ. ಡಾಕ್ಟರು ಮೂರು ವರ್ಷದಿಂದ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ತೆಗೆದುಕೊಳ್ಳಿ ಎನ್ನುತ್ತಲೇ ಇದ್ದರು. "ಜೀವನವಿಡೀ ಮಾತ್ರೆ ನುಂಗೋದು ನನಗೆ ಸರಿಬರೋಲ್ಲ" ಎಂದು ರಾಯರು ಉತ್ತರಿಸುತ್ತಿದ್ದುದು, ಬೆಳಗಿನ ಹದಿಮೂರು ಕ್ಯಾಪ್ಸೂಲುಗಳನ್ನು ನುಂಗಿ ಮುಗಿಸಿ ಆಸ್ಪತ್ರೆಗೆ ಹೋದ ಮೇಲೆ. ಜೊತೆಗೆ ಸ್ಟ್ಯಾಟಿನ್‌ನಿಂದ ರಕ್ತದ ಕೋಎನ್‌ಜೈಮ್ ಕ್ಯೂ10 ಇಳಿಯುತ್ತದೆಂಬ ಆಕ್ಷೇಪ. ಅದೂ ನಿಜವೇ. ರಾಯರ ಆಕ್ಷೇಪಗಳೆಲ್ಲ ನಿಜವಾಗಿಯೇ ಇರುತ್ತವೆ.

ಡಾಕ್ಟರು ಜಾಣರು. ವಾದ ಬಿಟ್ಟು, ಹೃದಯದ ರಕ್ತನಾಳಗಳಲ್ಲಿ ಸುಣ್ಣದಂಶ ಎಷ್ಟು ಕಟ್ಟಿದೆ ಎಂದು ಅಳೆಯುವ ಸಿಟಿ ಸ್ಕ್ಯಾನಿಗೆ ಬರೆದುಕೊಟ್ಟರು. ಹೊಸ ಅಂಕಿ ಸಿಗುತ್ತದೆ ಎಂದರೆ ರಾಯರು ಒಲ್ಲೆನೆನ್ನುವವರೇ? ಸೊನ್ನೆ ಬರಬೇಕಾದ ಕಡೆ 86 ಬಂತು. ಮರುದಿನದಿಂದ ಮನೆಯಲ್ಲಿ ಯಾರಿಗೂ ಹೇಳದೆ, ಹದಿಮೂರರ ನಡುವೆ ಹದಿನಾಲ್ಕನೆಯದಾಗಿ ಅಟೊರ್ವಸ್ಟ್ಯಾಟಿನ್ ಸೇರಿತು. ಶ್ರೀಮತಿಯವರು ಡಬ್ಬಿ ನೋಡಿದರು. ನೋಡಿಯೂ ನೋಡದಂತೆ ಇದ್ದರು.

ಆರು ವಾರಕ್ಕೆ ಎಲ್‌ಡಿಎಲ್ 97ಕ್ಕೆ ಇಳಿಯಿತು. ಆ ವರ್ಷದ ದೀಪಾವಳಿ ಊಟದಲ್ಲಿ ರಾಯರು ಫೋನನ್ನು ಪಂಕ್ತಿಯ ಉದ್ದಕ್ಕೂ ಕೈಯಿಂದ ಕೈಗೆ ದಾಟಿಸಿದರು.

"ಏನ್ ಸಾರ್, ಇಷ್ಟೊಂದು ಇಳಿದಿದೆ! ಏನು ತೊಗೊಂಡ್ರಿ?"

"ಎನ್‌ಎಂಎನ್" ಎಂದರು ರಾಯರು, ಹೋಳಿಗೆ ಮುರಿಯುತ್ತ. "ಸ್ವಲ್ಪ ನಿಧಾನ. ಆದರೆ ಬಿಡಬಾರದು."

ಎದುರು ಸಾಲಿನಲ್ಲಿ ನಾಲ್ಕು ಜನ ಎಡಗೈಯಲ್ಲಿ ಫೋನು ತೆಗೆದು ಬರೆದುಕೊಂಡರು. ಒಬ್ಬರು ಎಷ್ಟು ಮಿಲಿಗ್ರಾಂ ಎಂದೂ ಕೇಳಿದರು.